ಬಾವಿಯಿಂದ ಮಳೆಯವರೆಗೆ

ದೇವರನ್ನು ನಂಬುವುದು ಒಂದು, ದೇವರೊಡನೆ ಬಾಳುವುದು ಇನ್ನೊಂದು. ನಂಬಿಕೆ ನಮಗೆ ಮನೆತನದಿಂದ ಬರಬಹುದು, ಗ್ರಂಥಗಳಿಂದ ಬರಬಹುದು, ಹುಟ್ಟಿದ ಊರಿನ ಗಂಟೆಯ ದನಿಯೊಂದಿಗೆ ಕಿವಿಯೊಳಕ್ಕೆ ಇಳಿದಿರಬಹುದು. ಒಡನಾಟ ಮಾತ್ರ ಹೀಗೆ ಪಿತ್ರಾರ್ಜಿತವಾಗಿ ಬರುವಂಥದಲ್ಲ. ತಂದೆಯ ಗೆಳೆಯರು ಮಗನಿಗೆ ತಾವಾಗಿಯೇ ಗೆಳೆಯರಾಗುವುದಿಲ್ಲ. ಅವನು ಅವರ ಮನೆಯ ಬಾಗಿಲನ್ನು ತಟ್ಟಬೇಕು, ಕುಳಿತು ಮಾತನಾಡಬೇಕು, ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರಲು ಕಲಿಯಬೇಕು. ಸ್ನೇಹ ಬೆಳೆಯುವುದು ಹಾಗೆ.

ಕ್ರೈಸ್ತಧರ್ಮದಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವಿದೆ. ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ, ತಾನು ಸೆರೆಯಾಗುವ ಹಿಂದಿನ ಗಳಿಗೆಗಳಲ್ಲಿ, ಯೇಸು ತನ್ನ ಶಿಷ್ಯರನ್ನು ಇನ್ನು ಮೇಲೆ ಆಳುಗಳೆಂದು ಕರೆಯದೆ ಸ್ನೇಹಿತರೆಂದು ಕರೆಯುತ್ತಾನೆ. ದೇವರು ಇಲ್ಲಿ ಕೇವಲ ತತ್ತ್ವವಲ್ಲ. ಕೇಳುವವನು, ಉತ್ತರಿಸುವವನು, ಮನುಷ್ಯನ ಸಖ್ಯವನ್ನು ತಾನಾಗಿ ಬಯಸುವವನು. ಹಾಗಾದರೆ ಈ ಸಖ್ಯ ಆಳವಾಗುವುದು ಹೇಗೆ? ಬಹುಮಂದಿ ಭಕ್ತರನ್ನು ಕಾಡುವ ಪ್ರಶ್ನೆ ಇದಕ್ಕಿಂತಲೂ ತೀಕ್ಷ್ಣವಾದದ್ದು: ಪ್ರಾರ್ಥನೆಗೆ ಕುಳಿತಾಗ ಮನಸ್ಸಿನಲ್ಲಿ ಯಾವ ಭಾವವೂ ಏಳದಿದ್ದರೆ, ಎದುರಿಗೆ ಯಾರೂ ಇಲ್ಲವೆಂದೇ ತೋರಿದರೆ, ಆಗ ಸಂಬಂಧ ಮುರಿಯಿತೆಂದು ತಿಳಿಯಬೇಕೆ?

ಈ ಪ್ರಶ್ನೆಗೆ ಉತ್ತರವನ್ನು ಪುಸ್ತಕಪಾಂಡಿತ್ಯದಿಂದಲ್ಲದೆ ತನ್ನ ಬಾಳಿನ ಇಪ್ಪತ್ತು ವರ್ಷಗಳನ್ನು ತೆತ್ತು ಕಂಡುಕೊಂಡವಳು ಸ್ಪೇನ್ ದೇಶದ ಆವಿಲಾ ನಗರದ ತೆರೇಸಾ. ಈ ಅಲ್ಪಾವಧಿಯ ಮಾತಿನಲ್ಲಿ ಆಕೆಯ ಉತ್ತರವೊಂದನ್ನೇ ಪರಿಶೀಲಿಸಬೇಕೆಂಬುದು ನನ್ನ ಉದ್ದೇಶ.

ಆವಿಲಾ ಕಸ್ತೀಲ್ ಪ್ರಾಂತದ ಎತ್ತರದ ಬಯಲಿನಲ್ಲಿ, ಸಮುದ್ರಮಟ್ಟಕ್ಕಿಂತ ಸಾವಿರ ಮೀಟರಿಗೂ ಮೇಲೆ ನಿಂತಿರುವ ಕೋಟೆಯೂರು. ಬಂಡೆ ಹೆಚ್ಚು, ಮಳೆ ಕಡಿಮೆ. ಚಳಿಗಾಲ ಕಠಿಣ, ಬೇಸಿಗೆ ಒಣ. ಅಲ್ಲಿ 1515ರಲ್ಲಿ ತೆರೇಸಾ ಹುಟ್ಟಿದಳು. ಆಕೆಯ ತಾತ ಯೆಹೂದ್ಯ ಮೂಲದಿಂದ ಕ್ರೈಸ್ತನಾದವನು. ಟೊಲೇಡೊ ನಗರದ ವರ್ತಕ. ಹಳೆಯ ಧರ್ಮವನ್ನು ಗುಟ್ಟಾಗಿ ಆಚರಿಸಿದನೆಂಬ ಕಾರಣಕ್ಕೆ 1485ರಲ್ಲಿ ಧರ್ಮವಿಚಾರಣೆಯ ನ್ಯಾಯಪೀಠದ ಮುಂದೆ ತಪ್ಪೊಪ್ಪಿಕೊಂಡು, ಊರಿನ ಮುಂದೆ ಪ್ರಾಯಶ್ಚಿತ್ತದ ಅವಮಾನವನ್ನು ಅನುಭವಿಸಿದ್ದನು. ಮನೆತನದ ಮರ್ಯಾದೆ ಎಂಬುದು ಎಷ್ಟು ತೆಳುವಾದ ವಸ್ತ್ರವೆಂಬುದನ್ನು ಅರಿತಿದ್ದ ಕುಟುಂಬ ಅದು. ಎಳೆಯ ವಯಸ್ಸಿನಲ್ಲಿ ತಾಯಿಯೊಡನೆ ಕುಳಿತು ವೀರರ ಸಾಹಸಕಥೆಗಳನ್ನು ಹೊತ್ತುಗೊತ್ತಿಲ್ಲದೆ ಓದಿದ ಹುಡುಗಿ, ತನ್ನ 20ನೆಯ ವಯಸ್ಸಿನಲ್ಲಿ, ತಂದೆಗೆ ಮನಸ್ಸಿಲ್ಲದಿದ್ದರೂ ಮನೆ ಬಿಟ್ಟು ಅವತಾರ ಕನ್ಯಾಮಠವೆಂಬ ಕಾರ್ಮೆಲ್ ಸಭೆಯ ಮಠವನ್ನು ಸೇರಿದಳು.

ಆ ಮಠ ದೊಡ್ಡದು. ಸಿರಿವಂತರ ಮನೆಯ ಸನ್ಯಾಸಿನಿಯರಿಗೆ ಅಲ್ಲಿ ಸ್ವಂತ ಕೋಣೆಗಳಿದ್ದವು, ಬಡವರಿಗೆ ಸಾಮಾನ್ಯ ಶಯನಶಾಲೆ. ನೋಡಬಂದವರೊಡನೆ ಮಾತನಾಡಲು ಸಂದರ್ಶನದ ಕೋಣೆ ಸದಾ ತೆರೆದಿರುತ್ತಿತ್ತು. ತೆರೇಸಾ ಸೊಗಸಾಗಿ ಮಾತನಾಡಬಲ್ಲವಳಾದುದರಿಂದ ಅಲ್ಲಿ ಆಕೆಗೆ ಬೇಡಿಕೆಯೂ ಹೆಚ್ಚು. ಸೇರಿದ ಕೆಲವೇ ವರ್ಷಗಳಲ್ಲಿ ಕಠಿಣವಾದ ಕಾಯಿಲೆ ಬಿದ್ದಿತು. ಚಿಕಿತ್ಸೆಗೆಂದು ಹೋಗುವ ದಾರಿಯಲ್ಲಿ ಚಿಕ್ಕಪ್ಪನೊಬ್ಬನು ಫ್ರಾನ್ಸಿಸ್ಕೊ ದೆ ಒಸೂನಾ ಎಂಬ ಸನ್ಯಾಸಿ ಬರೆದ ಪುಸ್ತಕವೊಂದನ್ನು ಕೊಟ್ಟನು. ಅಂತರಂಗದಲ್ಲಿ ಮೌನವಾಗಿ ಪ್ರಾರ್ಥಿಸುವ ಕ್ರಮವನ್ನು ತೆರೇಸಾ ಕಲಿತದ್ದು ಅದರಿಂದ. 1539ರಲ್ಲಿ ಆಕೆ ಸುಮಾರು ನಾಲ್ಕು ದಿನ ಪ್ರಜ್ಞೆಯಿಲ್ಲದೆ ಬಿದ್ದಿದ್ದಾಗ ಸತ್ತಳೆಂದೇ ಬಗೆದು ಮಠದಲ್ಲಿ ಕುಣಿಯನ್ನು ಸಹ ತೋಡಿದ್ದರು. ಬದುಕಿ ಉಳಿದವಳು ಸುಮಾರು ಮೂರು ವರ್ಷ ಕೈಕಾಲಿನ ಸ್ವಾಧೀನವಿಲ್ಲದೆ ನರಳಿದಳು.

ಇಷ್ಟೆಲ್ಲ ಅನುಭವಿಸಿದ ಜೀವ ದೇವರಿಗೆ ಇನ್ನಷ್ಟು ಹತ್ತಿರವಾಯಿತು ಎಂದು ಹೇಳುವುದು ಕಥೆಗೆ ಒಪ್ಪುತ್ತದೆ. ಆದರೆ ನಡೆದದ್ದು ಬೇರೆ. ಚೇತರಿಸಿಕೊಂಡ ತೆರೇಸಾ ಪ್ರಾರ್ಥನೆಯನ್ನೇ ಬಿಟ್ಟುಬಿಟ್ಟಳು. ದೇವರ ಮೇಲಣ ಕೋಪದಿಂದಲ್ಲ, ನಾಸ್ತಿಕತೆಯಿಂದಲೂ ಅಲ್ಲ. ಹರಟೆಯಲ್ಲಿ, ಸಲ್ಲದ ಗೆಳೆತನಗಳಲ್ಲಿ ಹೊತ್ತು ಕಳೆಯುವ ನನ್ನಂಥವಳು ಯಾವ ಮುಖವಿಟ್ಟುಕೊಂಡು ಆತನ ಸನ್ನಿಧಿಯಲ್ಲಿ ಕುಳಿತುಕೊಳ್ಳಲಿ ಎಂಬ ನಾಚಿಕೆಯಿಂದ. ಈ ನಾಚಿಕೆ ವಿನಯದ ವೇಷ ತೊಟ್ಟು ಬಂದಿತ್ತು. ಅದೇ ಕಾಲದಲ್ಲಿ ತನ್ನ ತಂದೆಗೆ ಧ್ಯಾನಪ್ರಾರ್ಥನೆಯನ್ನು ಕಲಿಸಿದವಳು ಆಕೆಯೇ. ಮುದುಕನು ಆ ಹಾದಿಯಲ್ಲಿ ಬಹಳ ಮುಂದೆ ಹೋಗಿದ್ದನು. ಮಗಳೂ ತನ್ನಂತೆಯೇ ನಡೆದಿದ್ದಾಳೆಂದು ನಂಬಿ ಮಠಕ್ಕೆ ಬಂದು ದೇವರ ವಿಷಯವನ್ನು ಮಾತನಾಡುತ್ತಿದ್ದನು. ಕೊನೆಗೆ ತಾನು ಪ್ರಾರ್ಥಿಸುತ್ತಿಲ್ಲವೆಂದು ಆಕೆ ಹೇಳಿಕೊಂಡಳು, ಆದರೆ ಕಾರಣವನ್ನು ಮಾತ್ರ ಕಾಯಿಲೆಯ ಮೇಲೆ ಹೊರಿಸಿದಳು. ತಂದೆ ನಂಬಿದನು, ಮಗಳಿಗಾಗಿ ಮರುಗಿದನು.

1543ರಲ್ಲಿ ಆತನು ತೀರಿಕೊಂಡನು. ಅವನಿಗೆ ಆಪ್ತನಾಗಿದ್ದ ಧರ್ಮಗುರುವಿನ ಮುಂದೆ ತೆರೇಸಾ ತನ್ನ ಅಂತರಂಗವನ್ನು ತೋಡಿಕೊಂಡಾಗ, ಏನೇ ಆದರೂ ಪ್ರಾರ್ಥನೆಯನ್ನು ಬಿಡಬಾರದೆಂದು ಅವರು ತಿಳಿಯಹೇಳಿದರು. ಆಕೆ ಮತ್ತೆ ಹಿಡಿದಳು. ಮುಂದೆ ಎಂದೂ ಬಿಡಲಿಲ್ಲ. ತನ್ನ ಬಾಳಿನ ಅತ್ಯಂತ ಅಪಾಯಕರವಾದ ಪ್ರಲೋಭನೆ ಯಾವುದೆಂದು ಹಿಂತಿರುಗಿ ನೋಡಿದಾಗ ಆಕೆಗೆ ಕಂಡದ್ದು ಹರಟೆಯಲ್ಲ, ಗೆಳೆತನಗಳಲ್ಲ. ತಾನು ಯೋಗ್ಯಳಾಗುವವರೆಗೆ ದೇವರಿಂದ ದೂರವಿರುತ್ತೇನೆ ಎಂದುಕೊಂಡ ಆ ಹುಸಿ ವಿನಯ. ರೋಗಿ ತಾನು ಗುಣವಾದ ಮೇಲೆ ವೈದ್ಯನ ಬಳಿಗೆ ಹೋಗುತ್ತೇನೆಂದು ಹಟ ಹಿಡಿದ ಹಾಗೆ.

ಹಿಡಿದ ಮಾತ್ರಕ್ಕೆ ಬಾಗಿಲೇನೂ ತೆರೆಯಲಿಲ್ಲ. ಪ್ರಾರ್ಥನೆಗೆ ಗೊತ್ತಾದ ಒಂದು ಗಂಟೆ ಯಾವಾಗ ಮುಗಿಯುವುದೋ ಎಂದು ಗಡಿಯಾರದ ದನಿಗೆ ಕಿವಿಗೊಟ್ಟು ಕುಳಿತಿರುತ್ತಿದ್ದುದುಂಟು. ಪ್ರಾರ್ಥನಾಲಯವನ್ನು ಹೊಗುವುದಕ್ಕಿಂತ ಯಾವುದಾದರೂ ಕಠಿಣ ತಪಸ್ಸು ಸುಲಭವೆನಿಸಿದ ದಿನಗಳುಂಟು. ವರ್ಷಗಟ್ಟಲೆ ಕೈಯಲ್ಲಿ ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕುಳಿತುಕೊಳ್ಳುವ ಧೈರ್ಯ ಬರಲಿಲ್ಲ. ಎಷ್ಟೋ ಸಲ ಅದನ್ನು ತೆರೆಯಲೂ ಇಲ್ಲ. ಚದುರಿಹೋಗುವ ಮನಸ್ಸಿಗೆ ಅದು ಹತ್ತಿರದಲ್ಲಿದ್ದರೆ ಸಾಕಾಗಿತ್ತು. ತರ್ಕಬದ್ಧವಾಗಿ ಧ್ಯಾನಿಸುವ ಶಕ್ತಿ ತನಗಿಲ್ಲವೆಂದು ಕಂಡುಕೊಂಡ ಆಕೆ ಒಂದು ಸರಳವಾದ ದಾರಿಯನ್ನು ಹಿಡಿದಳು: ಯೇಸು ಒಂಟಿಯಾಗಿದ್ದ ಸನ್ನಿವೇಶಗಳನ್ನು ನೆನೆಯುವುದು. ಗೆತ್ಸೆಮನೆಯ ತೋಟದಲ್ಲಿ ಶಿಷ್ಯರು ನಿದ್ದೆಹೋಗಿರುವಾಗ ಆತನು ಒಬ್ಬನೇ ಬೆವರುತ್ತಿದ್ದನಲ್ಲ, ಆಗ ಆತನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವುದು. ಒಂಟಿಯಾಗಿ ನೊಂದಿರುವವನು ತನ್ನಂಥವಳನ್ನೂ ದೂರ ತಳ್ಳಲಾರನೆಂಬ ಲೆಕ್ಕಾಚಾರ! ಸ್ತ್ರೀಸಹಜವಾದ ಈ ಜಾಣ್ಮೆಯಲ್ಲಿ ದೊಡ್ಡ ಧರ್ಮಶಾಸ್ತ್ರವೂ ಅಡಗಿದೆ.

1554ರ ಸುಮಾರಿಗೆ, ಮಠಕ್ಕೆ ತಂದಿರಿಸಿದ್ದ ಗಾಯಗೊಂಡ ಕ್ರಿಸ್ತನ ವಿಗ್ರಹವೊಂದರ ಮುಂದೆ ಆಕೆಯ ಹೃದಯ ಒಡೆಯಿತು. ಅದೇ ದಿನಗಳಲ್ಲಿ ಸಂತ ಅಗಸ್ಟೀನನ ಆತ್ಮನಿವೇದನೆಯ ಗ್ರಂಥ ಕೈಗೆ ಬಂದಿತು. ಅಲ್ಲಿಂದಾಚೆಗೆ ತನ್ನ ಬಾಳು ತನ್ನದಾಗಿರದೆ ದೇವರದಾಯಿತೆಂದು ಆಕೆ ಎಣಿಸಿದಳು. ಆದರೆ ಹಿಂದಿನ ಬರಗಾಲ ವ್ಯರ್ಥವಾಯಿತೆಂದು ಆಕೆ ಎಲ್ಲಿಯೂ ಹೇಳುವುದಿಲ್ಲ. ಅದಕ್ಕೊಂದು ಅರ್ಥವನ್ನು ಕೊಡುವುದಕ್ಕಾಗಿಯೇ ಆಕೆಯ ಪ್ರಸಿದ್ಧವಾದ ಉಪಮಾನ ಹುಟ್ಟಿತೆನ್ನಬಹುದು.

ಧರ್ಮಗುರುಗಳ ಆಜ್ಞೆಯಂತೆ ತೆರೇಸಾ ಬರೆದ ಆತ್ಮಚರಿತ್ರೆಯ ಮೊದಲ ರೂಪ 1562ರಲ್ಲಿಯೂ ಈಗ ನಮಗೆ ದೊರಕುವ ರೂಪ 1565ರಲ್ಲಿಯೂ ಮುಗಿದವು. ಹತ್ತು ಅಧ್ಯಾಯಗಳವರೆಗೆ ಬಾಳಿನ ಕಥೆಯನ್ನು ಹೇಳಿ, ಹನ್ನೊಂದನೆಯ ಅಧ್ಯಾಯದಲ್ಲಿ ಆಕೆ ಥಟ್ಟನೆ ಕಥೆಯನ್ನು ನಿಲ್ಲಿಸಿ ತೋಟದ ಮಾತನ್ನು ತೆಗೆಯುತ್ತಾಳೆ. ಮುಂದಿನ ಹನ್ನೆರಡು ಅಧ್ಯಾಯಗಳಲ್ಲಿ ನಡೆಯುವುದು ಪ್ರಾರ್ಥನೆಯ ವಿಚಾರ. ಈ ಹೋಲಿಕೆಯನ್ನು ತಾನು ಎಲ್ಲಿಯೋ ಓದಿದ್ದೋ ಕೇಳಿದ್ದೋ ನೆನಪಿಲ್ಲವೆಂದು ಸಂಕೋಚವಿಲ್ಲದೆ ಹೇಳುತ್ತಾಳೆ. ಮನುಷ್ಯನ ಆತ್ಮ ಒಂದು ತೋಟ. ನೆಲ ಬರಡು, ತುಂಬ ಕಳೆ. ಕಳೆಯನ್ನು ಕಿತ್ತು ಒಳ್ಳೆಯ ಸಸಿಗಳನ್ನು ನೆಡುವವನು ತೋಟದ ಒಡೆಯನಾದ ಪ್ರಭುವೇ. ನಮ್ಮ ಕೆಲಸ ಅವು ಒಣಗದಂತೆ ನೀರೆರೆಯುವುದು. ಆತನು ಆಗಾಗ ಬಂದು ಅಲ್ಲಿ ವಿಹರಿಸುವಂತೆ ಹೂಗಳನ್ನು ಕಾಪಾಡುವುದು. ಈ ತೋಟಕ್ಕೆ ನೀರು ಬರುವ ಬಗೆ ನಾಲ್ಕು.

ಮೊದಲನೆಯದು ಬಾವಿಯಿಂದ ಸೇದಿ ಹಾಕುವುದು. ತೋಳು ನೋಯುತ್ತದೆ, ಬೆವರು ಹರಿಯುತ್ತದೆ, ದೊರೆಯುವ ನೀರು ಸ್ವಲ್ಪ. ಮನಸ್ಸನ್ನು ಹಿಡಿದು ಕೂರಿಸಿ ಪ್ರಭುವಿನ ಬಾಳನ್ನೂ ತನ್ನ ಬಾಳನ್ನೂ ಎದುರುಬದುರಾಗಿಟ್ಟು ಧ್ಯಾನಿಸುವ ಹೊಸಬರ ಪ್ರಾರ್ಥನೆ ಇದು. ಎರಡನೆಯದು ನೀರಿನ ಚಕ್ರ. ಚಕ್ರದ ಸುತ್ತ ಕಟ್ಟಿದ ಪಾತ್ರೆಗಳು ಒಂದಾದ ಮೇಲೊಂದು ಮುಳುಗಿ ಏಳುತ್ತವೆ. ಶ್ರಮ ಕಡಿಮೆ, ನೀರು ಹೆಚ್ಚು. ಅರಬರು ಸ್ಪೇನಿಗೆ ತಂದ ಯಂತ್ರ ಇದು. ಅದರ ಸ್ಪೇನಿನ ಹೆಸರಾದ ‘ನೋರಿಯಾ’ ಎಂಬುದೂ ಅರಬ್ಬೀ ಮಾತಿನಿಂದ ಬಂದದ್ದೇ. ನಮ್ಮ ನಾಡಿನ ಏತ, ಕಪಿಲೆಗಳನ್ನು ಕಂಡವರಿಗೆ ಕೈಯಿಂದ ಸೇದುವುದಕ್ಕೂ ಯಂತ್ರದಿಂದ ಎತ್ತುವುದಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಸಂಕಲ್ಪಶಕ್ತಿ ದೇವರಲ್ಲಿ ನೆಲೆನಿಂತಿರುತ್ತದೆ. ನೆನಪೂ ಬುದ್ಧಿಯೂ ಮಾತ್ರ ಗೂಡಿನ ಕಾಳು ಸಾಲದೆ ಹೊರಗೆ ಹಾರಿದ ಪಾರಿವಾಳಗಳಂತೆ ಅಲ್ಲಿ ಇಲ್ಲಿ ಸುತ್ತುತ್ತವೆ. ಅವುಗಳ ಬೆನ್ನು ಹತ್ತಬೇಡ, ತಾವೇ ಮರಳುತ್ತವೆ ಎಂಬುದು ತೆರೇಸಾಳ ಬುದ್ಧಿವಾದ.

ಮೂರನೆಯದು ತೊರೆಯ ನೀರು. ನೆಲ ಆಳದವರೆಗೆ ನೆನೆಯುತ್ತದೆ; ತೋಟಗಾರನಿಗೆ ಕಾಲುವೆಯ ದಿಕ್ಕನ್ನು ತಿದ್ದುವ ಕೆಲಸವಷ್ಟೇ ಉಳಿಯುತ್ತದೆ. ನಾಲ್ಕನೆಯದು ಮಳೆ. ಅಲ್ಲಿ ತೋಟಗಾರನ ಕೆಲಸವೇನೂ ಇಲ್ಲ, ಒಡೆಯನೇ ತೋಯಿಸುತ್ತಾನೆ. ದೇವರೊಡನೆ ಒಂದಾಗುವ ಆ ಸ್ಥಿತಿ ಬಹಳ ಹೊತ್ತು ನಿಲ್ಲುವುದಿಲ್ಲ. ಆದರೆ ಅದು ಬಂದುಹೋದ ಮೇಲೆ ತೋಟದ ಹಣ್ಣು ತೋಟಗಾರನಿಗಷ್ಟೇ ಅಲ್ಲದೆ ಇತರರಿಗೂ ಹಂಚಲು ಒದಗುತ್ತದೆ.

ಈ ಉಪಮಾನವನ್ನು ಓದುವವರು ಸಾಮಾನ್ಯವಾಗಿ ಮಳೆಯ ಕಡೆಗೆ ಕಣ್ಣುಹಾಯಿಸುತ್ತಾರೆ. ಆದರೆ ಅದರ ಜೀವಾಳ ಬಾವಿಯ ಬಳಿ ಇದೆಯೆಂದು ನನ್ನ ಭಾವನೆ. ಬಾವಿಯೇ ಬತ್ತಿದ್ದರೆ ಏನು ಮಾಡಬೇಕು ಎಂದು ತೆರೇಸಾ ಕೇಳುತ್ತಾಳೆ. ಹಗ್ಗ ಬಿಟ್ಟು ಸೇದಿದರೆ ಬರಿಯ ಕೊಡ ಮೇಲೆ ಬರುತ್ತದೆ, ನಾಳೆಯೂ ಹಾಗೆಯೇ, ಎಷ್ಟೋ ವರ್ಷ ಹಾಗೆಯೇ. ಆಗಲೂ ಕೊಡವನ್ನು ಇಳಿಸುವುದನ್ನು ಬಿಡಬಾರದು ಎಂಬುದು ಆಕೆಯ ನಿರ್ಧಾರ. ಏಕೆಂದರೆ ತೋಟ ತನ್ನದಲ್ಲ, ಒಡೆಯನದು. ಬಾವಿ ಬತ್ತಿರುವುದನ್ನು ಆತನು ಬಲ್ಲನು. ಬತ್ತಿದ ಬಾವಿಯ ಬಳಿಗೆ ಬಂದು ನಿಂತ ಆಳು ಕೂಲಿಗಾಗಿ ಬಂದವನಲ್ಲವೆಂಬುದನ್ನೂ ಬಲ್ಲನು. ಅಂಥ ದಿನಗಳಲ್ಲಿ ನೀರಿಲ್ಲದೆಯೇ ಸಸಿಗಳನ್ನು ಉಳಿಸುವುದು ಆತನ ಹೊಣೆ.

ಸಂಬಂಧ ಆಳವಾಗುವುದೆಂದರೆ ಏನೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ನಾವು ಸಿಹಿಯಾದ ಭಾವನೆಗಳ ಹೆಚ್ಚಳವನ್ನು ಆಳವೆಂದು ಎಣಿಸುತ್ತೇವೆ; ಕಣ್ಣೀರು ಬಂದರೆ ಪ್ರಾರ್ಥನೆ ಫಲಿಸಿತೆಂದೂ ಬಾರದಿದ್ದರೆ ಕೆಟ್ಟಿತೆಂದೂ ಲೆಕ್ಕ ಬರೆಯುತ್ತೇವೆ. ತೆರೇಸಾಳ ಲೆಕ್ಕ ಬೇರೆ. ತನ್ನನ್ನು ಪ್ರೀತಿಸುತ್ತಾನೆಂದು ಬಲ್ಲ ಒಬ್ಬನೊಡನೆ ಆಗಾಗ ಏಕಾಂತದಲ್ಲಿ ಕುಳಿತು ನಡೆಸುವ ಸ್ನೇಹವ್ಯವಹಾರವೇ ಆಕೆಯ ಪಾಲಿಗೆ ಪ್ರಾರ್ಥನೆ. ಅಂಥ ಸ್ನೇಹದ ಆಳವನ್ನು ಅಳೆಯುವುದು ಸಿಕ್ಕಿದ ಸಂತೋಷದಿಂದಲ್ಲ, ಸಿಗದ ದಿನವೂ ಬಂದು ಕುಳಿತುಕೊಳ್ಳುವ ನಿಷ್ಠೆಯಿಂದ. ಮಳೆ ಒಡೆಯನ ಇಚ್ಛೆಗೆ ಸೇರಿದ್ದು. ಅದನ್ನು ಬೇಡುತ್ತ ಆಕಾಶವನ್ನು ನೋಡುತ್ತಲೇ ಕುಳಿತವನ ಬಾವಿಯ ಹಗ್ಗ ಒಣಗಿಹೋಗುತ್ತದೆ.

ಆಕೆ ಇದನ್ನು ಬರೆದ ಕಾಲವನ್ನೂ ನೆನೆಯಬೇಕು. 1559ರಲ್ಲಿ ಸ್ಪೇನಿನ ಮಹಾವಿಚಾರಣಾಧಿಕಾರಿ ದೇಶಭಾಷೆಯಲ್ಲಿದ್ದ ಅನೇಕ ಭಕ್ತಿಗ್ರಂಥಗಳನ್ನು ನಿಷೇಧಿಸಿದನು. ಲ್ಯಾಟಿನ್ ಬಾರದ ಹೆಂಗಸರಿಗೆ ಅಂತರಂಗದ ಪ್ರಾರ್ಥನೆ ಅಪಾಯಕರ, ಜಪಮಾಲೆ ತಿರುಗಿಸಿಕೊಂಡು ನೂಲುತ್ತಿದ್ದರೆ ಸಾಕು ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬಲವಾಗಿತ್ತು. ಪುಸ್ತಕಗಳು ಹೋದುವೆಂದು ತೆರೇಸಾ ದುಃಖಿಸಿದಾಗ, ತಾನೇ ಆಕೆಗೆ ಜೀವಂತ ಪುಸ್ತಕವಾಗುವೆನೆಂಬ ಅಭಯ ಪ್ರಭುವಿನಿಂದ ದೊರೆಯಿತೆಂದು ಹೇಳಿಕೊಂಡಿದ್ದಾಳೆ. ಮುಂದೆ ಆಕೆಯ ಆತ್ಮಚರಿತ್ರೆಯ ಹಸ್ತಪ್ರತಿಯೂ ವಿಚಾರಣಾಪೀಠದ ವಶವಾಯಿತು. ಅದು ಅಚ್ಚಾದದ್ದು ಆಕೆ ಸತ್ತ ಆರು ವರ್ಷಗಳ ಮೇಲೆ, 1588ರಲ್ಲಿ.

ಹಾಗೆಂದು ಆಕೆ ಬಾಯಿಪಾಠದ ಪ್ರಾರ್ಥನೆಯನ್ನು ಹಳಿದವಳಲ್ಲ. ತನ್ನ ಮಠದ ಸೋದರಿಯರಿಗಾಗಿ ಬರೆದ ‘ಪರಿಪೂರ್ಣತೆಯ ಹಾದಿ’ ಎಂಬ ಗ್ರಂಥದಲ್ಲಿ ಒಬ್ಬ ವೃದ್ಧ ಸನ್ಯಾಸಿನಿಯ ಸಂಗತಿ ಬರುತ್ತದೆ. ಮೌನಧ್ಯಾನ ತನಗೆ ಬಾರದು, ಯೇಸು ಕಲಿಸಿದ ಪ್ರಾರ್ಥನೆಯೊಂದನ್ನು ಬಿಟ್ಟರೆ ತನಗೆ ಬೇರೆ ಗತಿಯಿಲ್ಲವೆಂದು ಆ ಮುದುಕಿ ಅಳುತ್ತ ಬಂದಳು. ಕೇಳಿನೋಡಿದರೆ, ಆ ಕೆಲವೇ ಮಾತುಗಳನ್ನು ನಿಧಾನವಾಗಿ ಹೇಳುತ್ತ ಹೇಳುತ್ತ ಆಕೆ ತನಗೇ ತಿಳಿಯದೆ ಉನ್ನತವಾದ ಸ್ಥಿತಿಯನ್ನು ಮುಟ್ಟಿದ್ದಳು. ಮಾತು ಹೆಚ್ಚೋ ಕಡಿಮೆಯೋ ಎಂಬುದು ಮುಖ್ಯವಲ್ಲ. ಯಾರೊಡನೆ ಮಾತನಾಡುತ್ತಿದ್ದೇನೆಂಬ ಎಚ್ಚರ ಮುಖ್ಯ. ತೆರೇಸಾ ದೇವರನ್ನು ಸ್ನೇಹಿತನೆಂದು ಕಂಡರೂ ಬರೆಯುವಾಗ ಮತ್ತೆ ಮತ್ತೆ ಬಳಸುವುದು ‘ಮಹಾಪ್ರಭು’ ಎಂಬಂಥ ರಾಜಮರ್ಯಾದೆಯ ಮಾತನ್ನು. ಸಲಿಗೆ ಬೆಳೆದಷ್ಟೂ ಗೌರವವೂ ಬೆಳೆಯುವ ಸ್ನೇಹ ಅದು.

ಅಂತರಂಗದ ಈ ಮಾತುಕತೆಯಲ್ಲಿ ಮನುಷ್ಯ ತನ್ನನ್ನು ತಾನೇ ವಂಚಿಸಿಕೊಳ್ಳಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ತೆರೇಸಾಳಿಗೂ ಆ ಭಯವಿತ್ತು. ತಾನು ಕಂಡ ದರ್ಶನಗಳನ್ನು ಆಕೆ ತಾನೇ ನೆಚ್ಚಿ ಕುಳಿತುಕೊಳ್ಳಲಿಲ್ಲ. ತಿಳಿದವರ ಮುಂದಿಟ್ಟು ವಿಚಾರಿಸಿದಳು. 1577ರಲ್ಲಿ ಬರೆದ ‘ಅಂತರಂಗದ ಕೋಟೆ’ಯಲ್ಲಿ ಆಕೆ ಕೊಡುವ ಒರೆಗಲ್ಲು ಇನ್ನೂ ಸರಳ. ದೇವರನ್ನು ನಾವು ಪ್ರೀತಿಸುತ್ತೇವೆಯೋ ಇಲ್ಲವೋ ಎಂಬುದನ್ನು ಖಂಡಿತವಾಗಿ ತಿಳಿಯಲಾರೆವು. ನೆರೆಯವರನ್ನು ಪ್ರೀತಿಸುತ್ತೇವೆಯೋ ಇಲ್ಲವೋ ಎಂಬುದನ್ನು ಮಾತ್ರ ತಿಳಿಯಬಹುದು. ಕಾಯಿಲೆಯಾಗಿರುವ ಸೋದರಿಗೆ ನೆರವು ಬೇಕಾದಾಗ, ಧ್ಯಾನದ ಸವಿ ಕೆಡುವುದೆಂದು ಕದಲದೆ ಕುಳಿತವಳು ದಾರಿಯನ್ನೇ ಅರಿತಿಲ್ಲವೆಂದು ಆಕೆಯ ತೀರ್ಪು. ಅಡುಗೆಮನೆಯ ಪಾತ್ರೆಗಳ ನಡುವೆಯೂ ಪ್ರಭು ಸುಳಿದಾಡುತ್ತಾನೆಂದು ಹೇಳಿದವಳು ಇವಳೇ. ಬೇಯಿಸಿ ಬಡಿಸುವ ಮಾರ್ಥಳೂ ಪಾದದ ಬಳಿ ಕುಳಿತ ಮರಿಯಳೂ ಒಂದಾದ ಹೊರತು ಅತಿಥಿಗೆ ಸತ್ಕಾರ ಪೂರ್ತಿಯಾಗದೆಂಬುದು ಆ ಗ್ರಂಥದ ಕೊನೆಯ ನಿಲುವು.

ಆಕೆಯ ಬಾಳೇ ಇದಕ್ಕೆ ಸಾಕ್ಷಿ. 1562ರಲ್ಲಿ ಸಂತ ಜೋಸೆಫನ ಹೆಸರಿನ ಪುಟ್ಟ ಮಠವನ್ನು ಸ್ಥಾಪಿಸಿದಾಗ ತೆರೇಸಾಳಿಗೆ 47 ವರ್ಷ. ಅದು ಸೇರಿ ಒಟ್ಟು 17 ಕನ್ಯಾಮಠಗಳನ್ನು ಆಕೆ ಕಟ್ಟಿದಳು. ರೋಗಪೀಡಿತವಾದ ದೇಹವನ್ನು ಹೊತ್ತು, ಕಸ್ತೀಲಿನಿಂದ ಆಂದಲೂಸಿಯಾದವರೆಗೆ ಗಾಡಿಗಳಲ್ಲಿ ಅಲೆದು, ಮನೆಗಳ ಕ್ರಯ, ಸಾಲ, ದಾವೆಗಳ ವ್ಯವಹಾರವನ್ನೆಲ್ಲ ತಾನೇ ನೋಡಿಕೊಂಡಳು. 1582ರ ಅಕ್ಟೋಬರ್ 4ರ ರಾತ್ರಿ ಆಲ್ಬಾ ದೆ ತೋರ್ಮೆಸ್ ಎಂಬಲ್ಲಿ ತೀರಿಕೊಂಡಳು. ಪಂಚಾಂಗದ ಸುಧಾರಣೆಯಿಂದಾಗಿ ಆ ವರ್ಷ ಅಕ್ಟೋಬರ್ 4ರ ಮರುದಿನ 15 ಆಗಿತ್ತು. 1970ರಲ್ಲಿ ಪೋಪ್ ಆರನೆಯ ಪಾಲ್ ಆಕೆಯನ್ನು ‘ಧರ್ಮಸಭೆಯ ಆಚಾರ್ಯೆ’ ಎಂದು ಘೋಷಿಸಿದರು. ಹೆಂಗಸರಿಗೆ ಮೌನಪ್ರಾರ್ಥನೆ ತರವಲ್ಲವೆಂದ ಕಾಲದ ಹೆಣ್ಣೊಬ್ಬಳಿಗೆ, ಹೆಂಗಸರಲ್ಲಿಯೇ ಮೊತ್ತಮೊದಲು ಸಂದ ಪದವಿ ಅದು.

ಆಕೆಯ ಪರಂಪರೆ ನಮ್ಮ ನಾಡಿಗೂ ಅಪರಿಚಿತವಲ್ಲ. 1870ರಲ್ಲಿ ಫ್ರಾನ್ಸಿನಿಂದ ಹೊರಟ ಕಾರ್ಮೆಲ್ ಸನ್ಯಾಸಿನಿಯರು ಮಂಗಳೂರಿನಲ್ಲಿ ಬಂದಿಳಿದರು. ಏಕಾಂತದ ಮಠವೊಂದು, ಹೆಣ್ಣುಮಕ್ಕಳ ವಿದ್ಯೆಗೆ ಕೈಹಚ್ಚಿದ ಸಭೆಯೊಂದು, ಹೀಗೆ ಎರಡು ಕವಲುಗಳು ಅಲ್ಲಿ ಬೇರುಬಿಟ್ಟವು. ಆ ಏಕಾಂತ ಮಠದಲ್ಲಿ 1871ರಲ್ಲಿ ವ್ರತ ಸ್ವೀಕರಿಸಿದ ಪ್ಯಾಲೆಸ್ಟೈನಿನ ಓದುಬರಹವರಿಯದ ಹುಡುಗಿ ಮರಿಯಂ, 2015ರಲ್ಲಿ ಸಂತಪದವಿಗೆ ಏರಿದಳು. ಎರಡನೆಯ ಸಭೆಯವರು 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆದರು. ಮಾರ್ಥಳೂ ಮರಿಯಳೂ ಒಂದೇ ಹಡಗಿನಿಂದ ಇಳಿದುಬಂದರೋ ಎಂಬಂತಿದೆ ಈ ಕಥೆ.

ದೇವರೊಡನೆ ಆಪ್ತವಾದ ಸಂಬಂಧವನ್ನು ಬಯಸುವವನಿಗೆ ತೆರೇಸಾ ಹೇಳುವುದು ಬಹಳವಿಲ್ಲ. ದಿನದಲ್ಲಿ ಒಂದಿಷ್ಟು ಹೊತ್ತನ್ನು ಆತನಿಗೆಂದು ಕೊಡು. ಕೊಟ್ಟದ್ದನ್ನು ಮರಳಿ ಕೇಳಬೇಡ. ಮನಸ್ಸು ಓಡಿದರೆ ಒಂದು ಪುಸ್ತಕವನ್ನೋ ಬಾಯಿಗೆ ಬಂದಿರುವ ಒಂದು ಪ್ರಾರ್ಥನೆಯನ್ನೋ ಆಸರೆಯಾಗಿ ಹಿಡಿ. ಯೋಗ್ಯತೆ ಬರಲೆಂದು ಕಾಯಬೇಡ. ಎದ್ದ ಮೇಲೆ ನೆರೆಯವರ ಬಳಿಗೆ ಹೋಗು. ಇಷ್ಟನ್ನು ಮಾಡುವವನ ತೋಟಕ್ಕೆ ಮಳೆ ಬಂದೇ ಬರುವುದೆಂದು ಆಕೆ ಮಾತು ಕೊಡುವುದಿಲ್ಲ. ಆದರೆ ಬಾವಿಯ ಕಟ್ಟೆಯ ಮೇಲೆ ಕೊಡ ಹಿಡಿದು ನಿಂತವನು ಅಲ್ಲಿ ಒಬ್ಬನೇ ನಿಂತಿರುವುದಿಲ್ಲವೆಂಬುದು, ಇಪ್ಪತ್ತು ವರ್ಷ ಹಾಗೆ ನಿಂತವಳ ಸಾಕ್ಷ್ಯ.